ನಮ್ಮ ಬೀದಿಯ 212 ಮೆಟ್ಟಿಲು

ಅಜ್ಜಿಯ ಲೆಕ್ಕಕ್ಕೆ 212. ನಾನು ಎಣಿಸಿದರೆ ಪ್ರತಿ ಸಲವೂ 209.

ಮೊದಲ ಸಲ ನಾನೇ ತಪ್ಪಿರಬೇಕು ಅಂದುಕೊಂಡೆ. ಹತ್ತುವಾಗ ಏದುಸಿರು ಬರುತ್ತೆ, ಲೆಕ್ಕ ತಪ್ಪುತ್ತೆ. ಅದಕ್ಕೇ ಇಳಿಯುವಾಗ ಎಣಿಸಿದೆ. ಆಗಲೂ 209. ಅಜ್ಜಿಗೆ ಹೇಳಿದರೆ ತಲೆ ಅಲ್ಲಾಡಿಸಿಬಿಟ್ಟರು. "ನಾನು ಎಂಟು ವರ್ಷದವಳಿದ್ದಾಗಿನಿಂದ ಎಣಿಸ್ತಾ ಇದೀನಿ. ಇನ್ನೂರ ಹನ್ನೆರಡು. ನೀನು ಇನ್ನೊಂದ್ಸಲ ಎಣಿಸು."

ಇದು ಅಮೆರಿಕದ ಪಿಟ್ಸ್‌ಬರ್ಗ್‌ನ ಮಾತು. ಊರಿನ ದಕ್ಷಿಣಕ್ಕೆ, ಮೊನಾಂಗಹೇಲಾ ನದಿಯ ದಡ ದಾಟಿದ ಕೂಡಲೇ, ಗೋಡೆಯ ಹಾಗೆ ಎದ್ದು ನಿಂತ ಒಂದು ಗುಡ್ಡವಿದೆ. ಸೌತ್ ಸೈಡ್ ಸ್ಲೋಪ್ಸ್ ಅಂತ ಹೆಸರು. ಓದಲು ಬಂದ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಆ ಗುಡ್ಡದ ಮೇಲೆ. ಅಜ್ಜಿ ಪಕ್ಕದ ಮನೆಯವರು. ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ, ಅಲ್ಲಿನ ರೂಢಿ ಹಾಗೆ. ಮನಸ್ಸಿನಲ್ಲಿ ಮಾತ್ರ ಅವರು ಅಜ್ಜಿಯೇ. ಆ ಮೆಟ್ಟಿಲ ಸಾಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯ ವಿಳಾಸ ಬರೆದ ಹಾಗೆಯೇ ಆಗುತ್ತೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ದಿನ ಬಸ್ಸಿಳಿದು ಫೋನಿನಲ್ಲಿ ಮ್ಯಾಪ್ ನೋಡಿದೆ. ಮನೆಗೆ ನಡೆದರೆ ಒಂಬತ್ತು ನಿಮಿಷ ಅಂತಿತ್ತು. ಎರಡು ಪೆಟ್ಟಿಗೆ ಎಳೆದುಕೊಂಡು ಹೊರಟೆ. ಮ್ಯಾಪು ಹೇಳಿದ ಬೀದಿಗೆ ಬಂದು ನಿಂತರೆ ಅಲ್ಲಿ ಬೀದಿಯೇ ಇಲ್ಲ. ಕಂಬದ ಮೇಲೆ ಬೀದಿಯ ಹೆಸರಿನ ನೀಲಿ ಬೋರ್ಡು ಇದೆ. ಬೋರ್ಡಿನ ಕೆಳಗೆ ಕಾಂಕ್ರೀಟ್ ಮೆಟ್ಟಿಲು ಮರಗಳ ನಡುವೆ ಹೊಕ್ಕು ಮೇಲಕ್ಕೆ ಮಾಯವಾಗಿದೆ. ಒಂದು ಕಬ್ಬಿಣದ ಪೈಪಿನ ಕೈಹಿಡಿ. ಎಲ್ಲೋ ಮೇಲೆ ಒಂದು ದೀಪ. ಅಷ್ಟೇ. ಒಂದು ಪೆಟ್ಟಿಗೆಯನ್ನು ಹತ್ತು ಮೆಟ್ಟಿಲು ಹೊತ್ತು ಇಟ್ಟು, ಇಳಿದು ಬಂದು ಇನ್ನೊಂದನ್ನು ಹೊತ್ತು, ಹೀಗೆ ಮೇಲೆ ಮುಟ್ಟುವಾಗ ಮುಕ್ಕಾಲು ಗಂಟೆ ಆಗಿತ್ತು. ತಿರುಗಿ ನೋಡಿದೆ. ಇಡೀ ಊರು ಕಾಲ ಕೆಳಗೆ. ನದಿ, ಸೇತುವೆ, ಆಚೆ ದಡದಲ್ಲಿ ವಿಶ್ವವಿದ್ಯಾಲಯದ 42 ಮಹಡಿಯ ಕಲ್ಲಿನ ಗೋಪುರ. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ ಅವಳು ಕೇಳಿದ್ದು ಒಂದೇ, "ಮಳೆಗಾಲದಲ್ಲಿ ಜಾರಲ್ವೇನೇ ಮಾರಾಯ್ತಿ?"

ಅವಳಿಗೆ ಅದು ಹೊಳೆದದ್ದು ಸಹಜ. ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಡಾಂಬರು ರಸ್ತೆಯಿಂದ ಮನೆಯಂಗಳಕ್ಕೆ ಇಳಿಯಲು ದರೆಗೆ ಕಡಿದ ಮಣ್ಣಿನ ಮೆಟ್ಟಿಲೇ ದಾರಿ. ಹದಿನೆಂಟೋ ಇಪ್ಪತ್ತೋ ಇದ್ದವು. ಎಷ್ಟು ಅಂತ ಖಚಿತವಾಗಿ ಹೇಳಲಾರೆ, ಯಾಕಂದರೆ ಅವು ಪ್ರತಿ ವರ್ಷ ಬದಲಾಗುತ್ತಿದ್ದವು. ಮಳೆಗಾಲದಲ್ಲಿ ನೀರು ಇಳಿದು ಅಂಚು ಕರಗುತ್ತಿತ್ತು. ಪಾಚಿ ಕಟ್ಟುತ್ತಿತ್ತು. ಶ್ರಾವಣದ ಹೊತ್ತಿಗೆ ಮೆಟ್ಟಿಲು ಹೋಗಿ ಇಳಿಜಾರು ಉಳಿಯುತ್ತಿತ್ತು. ಜಾರದ ಹಾಗೆ ಅಪ್ಪ ಅಡಿಕೆ ದಬ್ಬೆಯನ್ನು ಅಡ್ಡಡ್ಡ ಹಾಕಿ, ಗೂಟ ಹೊಡೆದು ನಿಲ್ಲಿಸುತ್ತಿದ್ದ. ಮಳೆ ನಿಂತು ದೀಪಾವಳಿ ಹತ್ತಿರ ಬಂತು ಅಂದರೆ ಒಂದು ಬೆಳಗ್ಗೆ ಗುದ್ದಲಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ಕಡಿಯುತ್ತಿದ್ದ. ಯಾರೂ ಹೇಳಬೇಕಾಗಿರಲಿಲ್ಲ. ಅದು ವರ್ಷದ ಕೆಲಸ. ದರಗು ಗುಡಿಸುವ ಹಾಗೆ, ಸೌದೆ ಒಟ್ಟುವ ಹಾಗೆ.

ಪಿಟ್ಸ್‌ಬರ್ಗ್‌ನ ಮೆಟ್ಟಿಲುಗಳಿಗೆ ಒಂದು ಕಾಲದಲ್ಲಿ ಹಾಗೆ ವರ್ಷವರ್ಷ ನೋಡಿಕೊಳ್ಳುವ ಕೈಗಳಿದ್ದವು. ಆ ಕೈಗಳು ಎಲ್ಲಿಂದ ಬಂದವು ಅಂತ ತಿಳಿಯಬೇಕಾದರೆ ಊರಿನ ನೆಲ ನೋಡಬೇಕು.

ಅಲೆಘೆನಿ ಮತ್ತು ಮೊನಾಂಗಹೇಲಾ ಸೇರಿ ಓಹಾಯೋ ನದಿ ಹುಟ್ಟುವ ಜಾಗ ಅದು. ನದಿಯ ಅಂಚಿನಲ್ಲಿ ಮಾತ್ರ ಒಂದಿಷ್ಟು ಸಮತಟ್ಟು ನೆಲ. ಉಳಿದದ್ದೆಲ್ಲ ಗುಡ್ಡ, ಕಣಿವೆ. ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು. ಈಗ ಪ್ರವಾಸಿಗರು ಫೋಟೋ ತೆಗೆಯಲು ಹೋಗುವ ಮೌಂಟ್ ವಾಷಿಂಗ್ಟನ್‌ಗೆ ಹಿಂದೆ ಕೋಲ್ ಹಿಲ್ ಅಂತಲೇ ಹೆಸರಿತ್ತು. ಉಕ್ಕಿನ ಕಾರ್ಖಾನೆಗಳು ಬಂದವು. ಅವಕ್ಕೆ ನೀರು ಬೇಕು, ರೈಲು ಬೇಕು, ಅಗಲವಾದ ನೆಲ ಬೇಕು. ಹಾಗಾಗಿ ಇದ್ದ ಸಮತಟ್ಟನ್ನೆಲ್ಲ ಕಾರ್ಖಾನೆ ಮತ್ತು ರೈಲು ಹಳಿ ತಿಂದುಹಾಕಿದವು. ಜರ್ಮನಿಯಿಂದ, ಪೋಲೆಂಡಿನಿಂದ, ಲಿಥುವೇನಿಯಾದಿಂದ ಬಂದ ಕೂಲಿಯವರಿಗೆ ಉಳಿದದ್ದು ಇಳಿಜಾರು. ಅವರು ಅಲ್ಲಿಯೇ ಮನೆ ಕಟ್ಟಿದರು. ಒಂದರ ನೆತ್ತಿಯ ಮೇಲೆ ಇನ್ನೊಂದು. ಗಾಡಿ ಹತ್ತದ ಕಡೆ ಮರದ ಹಲಗೆಯ ಮೆಟ್ಟಿಲು ಹಾಕಿದರು. ಬೆಳಗ್ಗೆ ಇಳಿದರೆ ಕಾರ್ಖಾನೆ, ಸಂಜೆ ಹತ್ತಿದರೆ ಮನೆ. ಮನೆಗಳು ಸೇರಿ ಕೇರಿಯಾಯಿತು, ಮೆಟ್ಟಿಲು ಸೇರಿ ಬೀದಿಯಾಯಿತು.

ಗುಡ್ಡ ಹತ್ತಿಸಲು ಇಳಿಜಾರಿನ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಬಂಡಿಗಳೂ ಇದ್ದವು. ಇನ್‌ಕ್ಲೈನ್ ಅಂತಾರೆ. ಒಂದು ಕಾಲಕ್ಕೆ ಹದಿನೈದಕ್ಕೂ ಹೆಚ್ಚು ಇದ್ದವಂತೆ. ಈಗ ಎರಡೇ ಉಳಿದಿವೆ, 1870ರಲ್ಲಿ ಶುರುವಾದ ಮೊನಾಂಗಹೇಲಾ ಇನ್‌ಕ್ಲೈನ್ ಮತ್ತು 1877ರ ಡ್ಯೂಕೇನ್ ಇನ್‌ಕ್ಲೈನ್. ಊರಿಗೆ ಬಂದ ನೆಂಟರನ್ನೆಲ್ಲ ನಾವು ಅದರಲ್ಲಿ ಕೂರಿಸುತ್ತೇವೆ. ಆದರೆ ಅದಕ್ಕೆ ಕಾಸು ಕೊಡಬೇಕಿತ್ತು. ದಿನಗೂಲಿಯವನು ದಿನಕ್ಕೆರಡು ಸಲ ಕಾಸು ಕೊಟ್ಟು ಹತ್ತುತ್ತಾನಾ? ಮೆಟ್ಟಿಲಿಗೆ ಕಾಸಿಲ್ಲ. ಮೊಣಕಾಲು ಗಟ್ಟಿ ಇದ್ದರೆ ಸಾಕು.

ಅಜ್ಜಿಯ ಅಪ್ಪ ಕೆಲಸ ಮಾಡುತ್ತಿದ್ದದ್ದು ಗುಡ್ಡದ ಕೆಳಗಿನ ಜೋನ್ಸ್ ಅಂಡ್ ಲಾಫ್ಲಿನ್ ಉಕ್ಕಿನ ಕಾರ್ಖಾನೆಯಲ್ಲಿ. ನದಿಯ ಎರಡೂ ದಡದಲ್ಲಿ ಮೈಲಿಗಟ್ಟಲೆ ಹರಡಿಕೊಂಡಿದ್ದ ಕಾರ್ಖಾನೆ ಅದು. ಅಪ್ಪ ಎರಡು ಪಾಳಿ ಒಟ್ಟಿಗೆ ಮಾಡುವ ದಿನ ಊಟದ ಡಬ್ಬಿ ಕೊಟ್ಟುಬರುವುದು ಈ ಹುಡುಗಿಯ ಪಾಲಿನ ಕೆಲಸ. ಡಬ್ಬಿಯ ಕೆಳಗಿನ ಖಾನೆಯಲ್ಲಿ ಸೂಪು. ಚೆಲ್ಲಬಾರದು. ಅದಕ್ಕೇ ಎಣಿಸಿಕೊಂಡು ಇಳಿಯುವ ಅಭ್ಯಾಸ ಬಿತ್ತಂತೆ. "ಎಣಿಸ್ತಾ ಇದ್ರೆ ಓಡೋ ಮನಸ್ಸಾಗಲ್ಲ" ಅಂದರು. ಅವರು ತೀರಾ ಚಿಕ್ಕವರಿದ್ದಾಗ ಮೆಟ್ಟಿಲು ಮರದ್ದೇ ಇತ್ತು. ಮಳೆ ಬಂದರೆ ಹಲಗೆ ಕೊಳೆತ ವಾಸನೆ ಬರುತ್ತಿತ್ತು. ಆಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಚಪ್ಪಡಿ ಬಂತು. ಚಪ್ಪಡಿ ಕೂರಿಸುವವರು ಬಂದಾಗ ಕೇರಿಯ ಮಕ್ಕಳೆಲ್ಲ ಸುಮ್ನೆ ಕೂತು ದಿನವಿಡೀ ನೋಡಿದ್ದರಂತೆ. ಅವರ 212 ಲೆಕ್ಕ ಈ ಕಾಂಕ್ರೀಟ್ ಮೆಟ್ಟಿಲಿನದು.

ಒಟ್ಟು ಊರಿನಲ್ಲಿ ಇಂಥ ಮೆಟ್ಟಿಲ ಸಾಲು ಎಷ್ಟಿವೆ? ನಗರಾಡಳಿತ ಸುಮಾರು 800 ಅನ್ನುತ್ತೆ. ಅಮೆರಿಕದ ಬೇರೆ ಯಾವ ಊರಲ್ಲೂ ಇಷ್ಟಿಲ್ಲ. ಬಾಬ್ ರೀಗನ್ ಎಂಬ ಭೂವಿಜ್ಞಾನಿ ಸೈಕಲ್ ಹತ್ತಿ ಒಂದೊಂದೇ ಗುಡ್ಡ ಸುತ್ತಿ ಎಣಿಸಿದಾಗ 712 ಸಾಲು ಸಿಕ್ಕವು. ಮೆಟ್ಟಿಲು 44 ಸಾವಿರಕ್ಕೂ ಮೇಲೆ. ಒಂದರ ಮೇಲೊಂದು ಇಟ್ಟರೆ 24 ಸಾವಿರ ಅಡಿ ದಾಟುತ್ತೆ. ಎಣಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಎರಡು ಸಾಲು ಸೇರುವ ಕಡೆ ಒಂದು ಅಂತ ಹಿಡಿಯಬೇಕಾ, ಎರಡು ಅಂತಲಾ ಎಂಬುದರ ಮೇಲೆ ಹೋಗುತ್ತೆ. ನನ್ನ ಅಜ್ಜಿಯ ಹಾಗೆಯೇ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಈಗ ವಿಳಾಸದ ಮಾತಿಗೆ ಬರುತ್ತೇನೆ. ಇವುಗಳಲ್ಲಿ ನೂರಾರು ಮೆಟ್ಟಿಲುಗಳು ಕಾನೂನಿನ ಪ್ರಕಾರ ಬೀದಿಗಳೇ. ನಗರದ ನಕ್ಷೆಯಲ್ಲಿ ಉಳಿದ ರಸ್ತೆಗಳ ಹಾಗೆಯೇ ಗೆರೆ, ಹೆಸರು. ಕಚೇರಿಯಲ್ಲಿ ಕೂತು ನೇರ ಗೆರೆ ಎಳೆದರು. ನೆಲಕ್ಕೆ ಬಂದು ನೋಡಿದರೆ ಗುಡ್ಡ ಕಡಿದಾಗಿತ್ತು, ಗಾಡಿ ಹತ್ತುವ ಹಾಗಿರಲಿಲ್ಲ. ರಸ್ತೆಯ ಬದಲು ಮೆಟ್ಟಿಲು ಕಟ್ಟಿದರು, ಹೆಸರು ಹಾಗೆಯೇ ಉಳಿಯಿತು. ಅಲ್ಲಿನವರು ಇದಕ್ಕೆ ಪೇಪರ್ ಸ್ಟ್ರೀಟ್ ಅಂತಾರೆ. ಯಾರ್ಡ್ ವೇ, ರೈಸಿಂಗ್ ಮೇನ್ ವೇ, ರೇ ಅವೆನ್ಯೂ, ಎಲ್ಲವೂ ಬೀದಿಯ ಹೆಸರೇ, ಹೋಗಿ ನೋಡಿದರೆ ಮೆಟ್ಟಿಲು. ಫೈನ್‌ವ್ಯೂ ಗುಡ್ಡದ ರೈಸಿಂಗ್ ಮೇನ್ ವೇಯಲ್ಲಿ 300ಕ್ಕೂ ಹೆಚ್ಚು ಮೆಟ್ಟಿಲಿವೆ. ಕೆಳಗೆ ನಿಂತರೆ ತುದಿ ಕಾಣುವುದಿಲ್ಲ.

ಕೆಲವು ಮನೆಗಳ ಬಾಗಿಲು ನೇರ ಮೆಟ್ಟಿಲಿಗೇ ತೆರೆಯುತ್ತೆ. ಬೇರೆ ದಾರಿಯೇ ಇಲ್ಲ. ಅಜ್ಜಿಯ ಮನೆ ಅಂಥದ್ದು, ಅದರ ಪಕ್ಕದ ನನ್ನ ಬಾಡಿಗೆ ಮನೆಯೂ ಅಷ್ಟೇ. ಅಂಚೆಯವನು ಚೀಲ ಹೊತ್ತು ಮೆಟ್ಟಿಲು ಹತ್ತಿ ಬರುತ್ತಾನೆ. ಫ್ರಿಜ್ ಬದಲಾಯಿಸಬೇಕಾದಾಗ ನಾಲ್ಕು ಜನ ಸೇರಿ ಹೆಗಲ ಪಟ್ಟಿ ಹಾಕಿ ಇಳಿಸಿದರು. ಅಜ್ಜಿಯ ಗಂಡ ತೀರಿಕೊಂಡಾಗ ಅವರನ್ನು ಈ ಮೆಟ್ಟಿಲ ಮೇಲೆಯೇ ಹೊತ್ತು ಇಳಿಸಿದರಂತೆ. ಹೊತ್ತವರಲ್ಲಿ ಇಬ್ಬರು ಅವರ ಜತೆ ಕಾರ್ಖಾನೆಯಲ್ಲಿದ್ದವರು. ಅಜ್ಜಿ ಇದನ್ನು ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ.

ಎರಡು ಚಳಿಗಾಲ ನಾನು ಆ ಮೆಟ್ಟಿಲ ಮೇಲೆಯೇ ಬದುಕಿದೆ. ಅಕ್ಕಿ ಮೂಟೆ ಹೊತ್ತೆ. ಜನವರಿಯಲ್ಲಿ ಹಿಮದ ಮೇಲೆ ಮಳೆ ಬಿದ್ದು ಗಾಜಿನ ಹಾಗೆ ಹೆಪ್ಪುಗಟ್ಟಿದಾಗ ಪೈಪ್ ಹಿಡಿದು ಕೂತುಕೊಂಡೇ ಇಳಿದೆ. ಅಜ್ಜಿ ಕಿಟಕಿ ತೆಗೆದು, "ಸ್ಲಿಪ್ಪಿ ಇದೆ, ನೋಡ್ಕೊಂಡು!" ಅಂತ ಕೂಗುತ್ತಿದ್ದರು. ಸ್ಲಿಪ್ಪಿ ಅನ್ನುವುದು ಆ ಊರಿನದೇ ಮಾತು. ಅಮೆರಿಕದಲ್ಲಿ ಬೇರೆ ಕಡೆ ಹಾಗೆ ಹೇಳುವವರು ಕಡಿಮೆ. ಆ ಪದ ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಏನನ್ನಾದರೂ ಹಿಡಿದುಕೊಳ್ಳುತ್ತೆ.

ಮೂರನೇ ವರ್ಷ ಕೆಲಸ ಸಿಕ್ಕಿತು. ಕಾರು ಕೊಂಡೆ. ಗುಡ್ಡದ ಮೇಲಿನ ರಸ್ತೆಗೆ ಕಾರು ಬರುತ್ತಿತ್ತು, ಅಲ್ಲಿ ನಿಲ್ಲಿಸಿ ಮೂವತ್ತು ಮೆಟ್ಟಿಲು ಇಳಿದರೆ ಮನೆ. ಕೆಳಗಿನ 180 ಮೆಟ್ಟಿಲು ನನ್ನ ದಿನದಿಂದ ಹೊರಟುಹೋದವು. ಬೇಕಂತ ಬಿಟ್ಟದ್ದಲ್ಲ. ಇವತ್ತು ತಡವಾಯಿತು, ಇವತ್ತು ಮಳೆ, ಇವತ್ತು ಸಾಮಾನು ಜಾಸ್ತಿ ಅಂತ ಶುರುವಾಗಿ, ಆಮೇಲೆ ಅವು ಇದೆ ಅನ್ನುವುದೇ ನೆನಪಿಗೆ ಬರದ ಹಾಗಾಯಿತು.

ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನ ಗುಡ್ಡದ ಮೇಲೆ ವೆಂಕಟೇಶ್ವರ ದೇವಸ್ಥಾನವಿದೆ. 1970ರ ದಶಕದಲ್ಲಿ ಕಟ್ಟಿದ್ದು. ಅಮೆರಿಕದಲ್ಲಿ ನಮ್ಮವರು ಕಟ್ಟಿದ ಮೊದಮೊದಲ ದೇವಸ್ಥಾನಗಳಲ್ಲಿ ಅದೂ ಒಂದು. ಶನಿವಾರ ಅಲ್ಲಿ ಊಟಕ್ಕೆ ಕೂತಾಗ ಕನ್ನಡದ ನಾಲ್ಕು ಮಂದಿ ಸಿಕ್ಕೇ ಸಿಗುತ್ತಾರೆ. ಒಂದು ಸಲ ಮೆಟ್ಟಿಲಿನ ಮಾತು ತೆಗೆದೆ. ಇಪ್ಪತ್ತೈದು ವರ್ಷದಿಂದ ಆ ಊರಲ್ಲಿರುವ ಹಿರಿಯರೊಬ್ಬರು ನಿಜವಾಗಿಯೂ ಆಶ್ಚರ್ಯಪಟ್ಟರು. "ಹೌದಾ? ಊರೊಳಗೆ ಮೆಟ್ಟಿಲಿದೆಯಾ? ನಾನು ನೋಡೇ ಇಲ್ವಲ್ಲಮ್ಮ." ಅವರದು ತಪ್ಪಲ್ಲ. ಕಾರಿನ ಕಿಟಕಿಯಿಂದ ಮೆಟ್ಟಿಲು ಕಾಣುವುದೇ ಇಲ್ಲ. ಪೊದೆಯ ನಡುವೆ ಒಂದು ಕೈಹಿಡಿ ಕಂಡರೂ ಯಾರದೋ ಮನೆಯದು ಅನ್ನಿಸುತ್ತೆ.

ಪತ್ರಿಕೆಗಳಲ್ಲಿ ಈ ಮೆಟ್ಟಿಲುಗಳ ಬಗ್ಗೆ ಬರೆಯುವಾಗ "ಮರೆತುಹೋದ ಮೆಟ್ಟಿಲು" ಅಂತ ಬರೆಯುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. 2020ರ ಮಾರ್ಚಿನ ನಂತರ ಆ ಮಾತು ನನ್ನ ಬಾಯಲ್ಲಿ ನಿಂತಿತು. ಕೋವಿಡ್ ಬಂದು ಆಫೀಸು ಮುಚ್ಚಿತು. ಇಡೀ ದಿನ ಮನೆಯಲ್ಲಿ. ಸಂಜೆ ಕಾಲಾಡಿಸಲು ಹೊರಟರೆ ಹೋಗಲು ಬೇರೆ ಜಾಗವಿಲ್ಲ. ಏಳು ವರ್ಷದ ಮೇಲೆ ಮೆಟ್ಟಿಲು ಇಳಿದೆ. ಮೂರು ಕಡೆ ಚಪ್ಪಡಿ ಬಿರುಕು ಬಿಟ್ಟಿತ್ತು. ಒಂದು ಕಡೆ ಕೈಹಿಡಿ ಕಳಚಿ ಜೋತಾಡುತ್ತಿತ್ತು. ಅರ್ಧ ದಾರಿಯಲ್ಲಿ ಎರಡೂ ಬದಿಯ ಪೊದೆ ಕೂಡಿಕೊಂಡು ಸುರಂಗವಾಗಿತ್ತು. ಇದನ್ನು ಎಲ್ಲರೂ ಮರೆತಿದ್ದಾರೆ ಅಂದುಕೊಂಡು ನಿಂತಿದ್ದಾಗ ಕೆಳಗಿನಿಂದ ಅಜ್ಜಿ ಹತ್ತಿ ಬಂದರು. ಕೈಯಲ್ಲಿ ಬ್ರೆಡ್ಡಿನ ಚೀಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ನಿಂತು. ಎಂಬತ್ತು ದಾಟಿತ್ತು ಆಗ. ಅವರು ಯಾವತ್ತೂ ಕಾರು ಓಡಿಸಿದವರಲ್ಲ. ನಾನು ಮರೆತಿದ್ದ ಏಳು ವರ್ಷವೂ ಅವರು ದಿನಾ ಇಳಿದಿದ್ದರು, ಹತ್ತಿದ್ದರು.

ಆಮೇಲೆ ಗಮನವಿಟ್ಟು ನೋಡಿದೆ. ಬೆಳಗಿನ ಐದೂವರೆಗೆ ಹೋಟೆಲ್ ಸಮವಸ್ತ್ರ ಹಾಕಿಕೊಂಡು ಇಳಿಯುವ ಇಬ್ಬರು. ರಾತ್ರಿ ಪಾಳಿ ಮುಗಿಸಿ ಹತ್ತುವ ಆಸ್ಪತ್ರೆಯ ಆಯಾ. ಬಸ್ಸಿಗೆ ಓಡುವ ಶಾಲೆ ಮಕ್ಕಳು. ದಕ್ಷಿಣದ ಕ್ಯಾರಿಕ್, ಬ್ರೆಂಟ್‌ವುಡ್ ಕಡೆ ಭೂತಾನಿನಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಮಾತಿನ ಜನ ಸಾವಿರಾರು ಮಂದಿ ಇದ್ದಾರೆ. ಅವರಲ್ಲೊಬ್ಬ ಅಮ್ಮ ಕೈ ಬೆನ್ನಿಗೆ ಕಟ್ಟಿಕೊಂಡು, ಮುಂದಕ್ಕೆ ಬಾಗಿ, ಒಂದೇ ಉಸಿರಿನಲ್ಲಿ ಹತ್ತುವುದನ್ನು ಕಂಡು ನಿಂತುಬಿಟ್ಟೆ. ಗುಡ್ಡದಲ್ಲಿ ಹುಟ್ಟಿದವರ ನಡಿಗೆ ಅದು. ನಮ್ಮೂರಿನ ಹೆಂಗಸರು ಹುಲ್ಲುಹೊರೆ ಹೊತ್ತು ದರೆ ಹತ್ತುವುದೂ ಹಾಗೆಯೇ. ಇವರಿಗೆಲ್ಲ ಮೆಟ್ಟಿಲು ಮರೆತುಹೋಗಿಲ್ಲ. ಮರೆತವರು ಕಾರು ಇರುವವರು. ದುಡ್ಡಿನ ಲೆಕ್ಕ ಹಾಕುವವರೂ, ಪತ್ರಿಕೆಗೆ ಬರೆಯುವವರೂ ಜಾಸ್ತಿ ಕಾರು ಇರುವವರೇ, ಅಲ್ವಾ?

ನಿಜವಾಗಿ ಯಾರೂ ಹತ್ತದ ಮೆಟ್ಟಿಲುಗಳೂ ಇವೆ. ಅವುಗಳ ಕಥೆ ಬೇರೆ. 1950ರಲ್ಲಿ ಪಿಟ್ಸ್‌ಬರ್ಗ್‌ನ ಜನಸಂಖ್ಯೆ ಸುಮಾರು 6 ಲಕ್ಷ 77 ಸಾವಿರ. 2020ರಲ್ಲಿ 3 ಲಕ್ಷ 3 ಸಾವಿರ. ಜನ ಮೊದಲೇ ಹೊರಗಿನ ಬಡಾವಣೆಗಳಿಗೆ ಹೋಗಲು ಶುರುಮಾಡಿದ್ದರು. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು, ಅರ್ಧಕ್ಕಿಂತ ಹೆಚ್ಚು ಊರು ಖಾಲಿಯಾಯಿತು. ಅಜ್ಜಿಯ ಅಪ್ಪ ದುಡಿದ ಜಾಗದಲ್ಲಿ ಈಗ ಅಂಗಡಿ, ಹೋಟೆಲು, ಆಫೀಸು. ಖಾಲಿಯಾದ ಕೇರಿಗಳ ಮನೆ ಕೆಡವಿದರು, ಕಾಡು ಬೆಳೆಯಿತು. ಮೆಟ್ಟಿಲು ಮಾತ್ರ ಉಳಿದವು. ಏಪ್ರಿಲ್‌ನಲ್ಲಿ ಅಂಥ ಒಂದು ಮೆಟ್ಟಿಲು ಹತ್ತಿದೆ. ಕಾಡಿನೊಳಗೆ ಹೋಗಿ, ಒಂದು ಬಯಲಿನಲ್ಲಿ ನಿಂತಿತು. ಬಾಗಿಲಿಲ್ಲ, ಮನೆಯಿಲ್ಲ. ಆದರೆ ನೆಲದಲ್ಲಿ ಚೌಕಾಕಾರಕ್ಕೆ ಹಳದಿ ಡ್ಯಾಫೋಡಿಲ್ ಹೂ ಬಿಟ್ಟಿತ್ತು. ಯಾರೋ ಅಂಗಳದ ಅಂಚಿಗೆ ಗೆಡ್ಡೆ ನೆಟ್ಟಿದ್ದರು. ನೆಟ್ಟವರು ಹೋದರೂ ಅವು ವರ್ಷವರ್ಷ ಅಂಗಳದ ಗಡಿ ಗುರುತು ಹಾಕುತ್ತಿವೆ. ನಮ್ಮ ಕಡೆ ಕಾಡಿನಲ್ಲಿ ಒಂಟಿ ಹಲಸಿನ ಮರ, ಹಾಳುಬಾವಿ ಕಂಡರೆ ಇಲ್ಲೊಂದು ಮನೆಯಿತ್ತು ಅಂತಾರಲ್ಲ, ಹಾಗೆ. ಸುಮಾರು ಹೊತ್ತು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಜಿಂಕೆ ಬಂದು ನನ್ನನ್ನು ನೋಡಿ ಹೋಯಿತು.

ಕಾಂಕ್ರೀಟು ಯಾಕೆ ಹಾಳಾಗುತ್ತೆ ಅಂತ ನಾನು ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮಲ್ಲಿ ಮೆಟ್ಟಿಲಿಗೆ ಶತ್ರು ಮಳೆ. ಅಲ್ಲಿ ಹಿಮ. ಬಿರುಕಿನೊಳಗೆ ನೀರು ಇಳಿಯುತ್ತೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತೆ, ಹಗಲು ಕರಗುತ್ತೆ. ಒಂದು ಚಳಿಗಾಲದಲ್ಲಿ ಇದು ಎಷ್ಟೋ ಸಲ ನಡೆಯುತ್ತೆ. ಮಂಜು ಕರಗಿಸಲು ಹಾಕುವ ಉಪ್ಪು ಒಳಗಿಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತೆ. ಇದರ ಜತೆಗೆ ಆ ಗುಡ್ಡಗಳ ಕೆಂಪು ಜೇಡಿಪದರ. ನೀರು ಕುಡಿದರೆ ಜಾರುತ್ತೆ. ಮೆಟ್ಟಿಲು ಗಟ್ಟಿಯಿದ್ದರೂ ಅದರಡಿಯ ಗುಡ್ಡವೇ ಇಳಿದುಬಿಡುತ್ತೆ. ಜಪಾನಿನ ನಾಟ್‌ವೀಡ್ ಎಂಬ ಕಳೆ ಬೇರೆ. ನಮ್ಮ ಲಂಟಾನಾ ಇದ್ದ ಹಾಗೆ, ಕಡಿದಷ್ಟೂ ಬರುತ್ತೆ, ಬೇಸಗೆಯಲ್ಲಿ ಆಳೆತ್ತರ.

ರಿಪೇರಿಗೆ ತುಂಬಾ ದುಡ್ಡು ಬೇಕು. ಆ ಊರಿನಲ್ಲಿ 446 ಸೇತುವೆ ಇವೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. 2022ರ ಜನವರಿ 28ರ ಬೆಳಗ್ಗೆ ಫರ್ನ್ ಹಾಲೋ ಸೇತುವೆ ಬಸ್ಸಿನ ಸಮೇತ ಕಣಿವೆಗೆ ಕುಸಿದ ಮೇಲೆ ಎಲ್ಲರ ಕಣ್ಣೂ ಸೇತುವೆಗಳ ಮೇಲೆ. ಅದು ಸರಿಯೇ. ಮೆಟ್ಟಿಲಿಗೂ ಒಂದು ಯೋಜನೆ ಇದೆ. 2017ರಲ್ಲಿ ಎಲ್ಲ ಸಾಲುಗಳನ್ನು ಪರಿಶೀಲಿಸಿ, ಯಾವುದನ್ನು ಮೊದಲು ಸರಿಮಾಡಬೇಕು ಅಂತ ಪಟ್ಟಿ ಮಾಡಿದರು. ಬಸ್ ಸ್ಟಾಪಿಗೆ, ಶಾಲೆಗೆ ಹೋಗುವ ಮೆಟ್ಟಿಲಿಗೆ ಜಾಸ್ತಿ ಅಂಕ. ಇದು ನನಗೆ ತುಂಬಾ ಸರಿ ಅನ್ನಿಸಿತು. ಊರೊಳಗಿನ ಓಕ್ಲೆಂಡ್ ಬಡಾವಣೆಯ ಬಳಿಯ ಜೊಂಕೇರ್ ಸ್ಟ್ರೀಟ್ ಮೆಟ್ಟಿಲು ಹೊಸದಾಗಿ ಕಟ್ಟಿದ್ದಾರೆ. ಬದಿಯಲ್ಲಿ ಸೈಕಲ್ ಚಕ್ರ ಉರುಳಿಸಿಕೊಂಡು ಹತ್ತಲು ಒಂದು ಗೀರು ಕೊಟ್ಟಿದ್ದಾರೆ. ಅದನ್ನು ಯೋಚಿಸಿದವರು ಖಂಡಿತ ಸೈಕಲ್ ಹೊತ್ತು ಮೆಟ್ಟಿಲು ಹತ್ತಿದವರೇ ಇರಬೇಕು.

ನಮ್ಮ ಗುಡ್ಡದಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಸ್ಟೆಪ್‌ಟ್ರೆಕ್ ಅಂತ ನಡೆಯುತ್ತೆ. ಕೇರಿಯವರೇ ನಡೆಸುವುದು. ನೂರಾರು ಜನ ಬಂದು ನಕ್ಷೆ ಹಿಡಿದು ದಿನವಿಡೀ ಹತ್ತಿ ಇಳಿಯುತ್ತಾರೆ. ಓಕ್ಲಿ ವೇ ಎಂಬ ಮೆಟ್ಟಿಲಿಗೆ ಬಣ್ಣದ ಹೆಂಚುಚೂರುಗಳ ಚಿತ್ತಾರ ಅಂಟಿಸಿದ್ದಾರೆ. ಎಲ್ಲವೂ ನನಗೆ ಇಷ್ಟ. ಆದರೆ ಚಿತ್ತಾರ ನೋಡಲು ಬರುವವರು ವರ್ಷಕ್ಕೊಮ್ಮೆ ಬರುತ್ತಾರೆ. ಬೆಳಗಿನ ಐದೂವರೆಗೆ ಇಳಿಯುವ ಆ ಇಬ್ಬರಿಗೆ ಬೇಕಾದದ್ದು ಗಟ್ಟಿ ಕೈಹಿಡಿ, ಉರಿಯುವ ದೀಪ. ದುಡ್ಡು ಒಂದಕ್ಕೇ ಸಾಲುತ್ತೆ ಅಂದರೆ ನಾನು ಕೈಹಿಡಿ, ದೀಪದ ಕಡೆ.

ನಡುವೆ ಒಂದು ಸಂಗತಿ ನೆನಪಾಯಿತು. ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಸಿನ್ಸಿನಾಟಿಯೂ ಗುಡ್ಡದ ಊರು. ಅಲ್ಲಿ ಗುಡ್ ಫ್ರೈಡೇ ದಿನ ಮೌಂಟ್ ಆ್ಯಡಮ್ಸ್ ಗುಡ್ಡದ ಚರ್ಚಿಗೆ ಜನ ಮೆಟ್ಟಿಲು ಹತ್ತಿ ಹೋಗುತ್ತಾರೆ. ಪ್ರತಿ ಮೆಟ್ಟಿಲಿಗೂ ನಿಂತು ಒಂದು ಪ್ರಾರ್ಥನೆ. ಒಂದು ವರ್ಷ ಹೋಗಿದ್ದೆ. ಚಳಿಯಲ್ಲಿ ತುಟಿ ಅಲ್ಲಾಡಿಸುತ್ತಾ ಒಂದೊಂದೇ ಮೆಟ್ಟಿಲು ಏರುತ್ತಿದ್ದ ಹೆಂಗಸರನ್ನು ನೋಡಿ ನನಗೆ ಮೈಸೂರು ಕಂಡಿತು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಆಷಾಢದಲ್ಲಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಏರುವವರು. ಚಿಕ್ಕಮ್ಮ ಒಂದು ವರ್ಷ ಹರಕೆ ಹೊತ್ತು ಹಚ್ಚಿದ್ದಳು, ಮೇಲೆ ಮುಟ್ಟುವಾಗ ಅವಳ ಬೆರಳು ಮೂರು ದಿನ ಕೆಂಪಗಿತ್ತು. ದೇವರ ಮೆಟ್ಟಿಲಿಗೆ ಯಾವತ್ತೂ ಗತಿಯಿದೆ. ರಸ್ತೆ ಬಂದರೂ, ಬಸ್ಸು ಬಂದರೂ ಹತ್ತುವವರು ಹತ್ತುತ್ತಾರೆ. ಕೂಲಿಗೆ ಹೋಗುವ ಮೆಟ್ಟಿಲಿಗೆ ಹರಕೆ ಹೊರುವವರಿಲ್ಲ.

ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. 2021ರ ವಸಂತದಲ್ಲಿ ಕೇರಿಯ ಐದಾರು ಮಂದಿ ಸೇರಿಕೊಂಡೆವು. ಹಾರೆ, ಗುದ್ದಲಿ, ಕತ್ತರಿ. ಚಪ್ಪಡಿ, ಕಬ್ಬಿಣಕ್ಕೆ ನಾವು ಕೈ ಹಾಕುವ ಹಾಗಿಲ್ಲ, ಅದು ಇಂಜಿನಿಯರುಗಳ ಕೆಲಸ. ಪೊದೆ ಕಡಿಯುವುದು, ಮಣ್ಣು ಎಳೆಯುವುದು, ಎಲೆ ಗುಡಿಸುವುದು ನಮ್ಮದು. ಮೇಲಿನಿಂದ ಶುರುಮಾಡಿದೆವು, ಅಪ್ಪ ಮಾಡುತ್ತಿದ್ದ ಹಾಗೆ. ಮೇಲಿನ ಕಸ ಕೆಳಗೆ ಬೀಳುತ್ತಲ್ಲ. ಮೂರು ಶನಿವಾರ ಹಿಡಿಯಿತು. ಅಜ್ಜಿ ನಲವತ್ತನೇ ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲರಿಗೂ ನಿಂಬೆ ಪಾನಕ ಕೊಟ್ಟರು. ನಾಟ್‌ವೀಡ್ ಬೇರು ಬಿಡಬೇಡಿ ಅಂತ ಕೂಗಿ ಕೂಗಿ ಹೇಳಿದರು.

ಮೂರನೇ ಶನಿವಾರ ಕೆಳಗೆ ಮುಟ್ಟಿದೆವು. ರಸ್ತೆಗೆ ಸೇರುವ ಕಡೆ ಗುಡ್ಡದ ಕೆಂಪು ಮಣ್ಣು ಇಳಿದಿಳಿದು ದಿಣ್ಣೆಯಾಗಿತ್ತು. ಅದರ ಮೇಲೆ ಹುಲ್ಲು ಬೆಳೆದು, ಅದೇ ನೆಲ ಅನ್ನುವ ಹಾಗಾಗಿತ್ತು. ನಾನು ಯಾವಾಗಲೂ ಆ ದಿಣ್ಣೆಯ ಮೇಲೆ ನಡೆದೇ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದೆ. ಹಾರೆ ಹಾಕಿದೆ. ಒಂದು ಅಡಿ ಆಳದಲ್ಲಿ ಠಣ್ ಅಂತ ಸದ್ದು ಬಂತು.

ಮಣ್ಣು ತೆಗೆದೆವು. ಒಂದು ಚಪ್ಪಡಿ. ಅಂಚು ಎಲ್ಲೂ ಒಡೆದಿಲ್ಲ. ಮಣ್ಣಿನ ಕೆಳಗೆ ಹಿಮ, ಉಪ್ಪು ಏನೂ ತಾಗಿರಲಿಲ್ಲ. ಅದರ ಕೆಳಗೆ ಇನ್ನೊಂದು. ಅಲ್ಲಿಗೆ ಡಾಂಬರು ಅಡ್ಡ ಬಂತು.

ಓಡಿ ಹತ್ತಿ ಹೋಗಿ ಅಜ್ಜಿಗೆ ಹೇಳಿದೆ. "ಎರಡು ಸಿಕ್ಕವು. 211 ಆಯಿತು."

ಅವರು ಪಾನಕದ ಲೋಟ ಕೆಳಗಿಟ್ಟರು. "ರಸ್ತೆಗೆ ಡಾಂಬರು ಹಾಕ್ತಾ ಹಾಕ್ತಾ ಎತ್ತರ ಮಾಡಿದಾರೆ. ಇನ್ನೊಂದು ಅದರ ಅಡಿಯಲ್ಲಿದೆ" ಅಂದರು. ಅದನ್ನು ಅಗೆದು ನೋಡಲು ನಮಗೆ ಆಗುವುದಿಲ್ಲ. ಅವರಿಗೆ ಅಗೆದು ನೋಡುವ ಅಗತ್ಯವೂ ಇರಲಿಲ್ಲ.

ಈಗ ಕೆಳಗಿನಿಂದ ಹತ್ತುವಾಗ ನಾನು ರಸ್ತೆಯ ಅಂಚಿಗೆ ಬಂದು, ಡಾಂಬರಿನ ಮೇಲೆ ಕಾಲಿಟ್ಟಾಗಲೇ ಒಂದು ಅಂತ ಎಣಿಸುತ್ತೇನೆ.